ಕೊಸರಿಲ್ಲದ ಅಳತೆ

"ಮೇಷ್ಟ್ರೇ, ನಮ್ಮವರೇ ನನ್ನನ್ನು ಮಾರಿಕೊಂಡವನು ಎಂದರೆ ನಾನು ಏನು ಹೇಳಬೇಕು?" ಎಂದು ಎರ್ರಿಸ್ವಾಮಿ ಕೇಳಿದ.

ಎರ್ರಿಸ್ವಾಮಿ ಕಾರ್ಮಿಕ ಸಂಘದ ಕಾರ್ಯದರ್ಶಿ. ಹನ್ನೆರಡು ದಿನ ನಡೆದ ಮುಷ್ಕರವನ್ನು ಹಿಂದಿನ ವಾರ ನಿಲ್ಲಿಸಿದ್ದ. ಏಳು ಬೇಡಿಕೆಗಳಲ್ಲಿ ಐದು ದಕ್ಕಿದ್ದವು. ಉಳಿದ ಎರಡಕ್ಕೆ ಹಟ ಹಿಡಿದರೆ ಐದೂ ಕೈಬಿಟ್ಟು ಹೋಗುತ್ತವೆ ಎಂದು ತಿಳಿದೇ ನಿಲ್ಲಿಸಿದ್ದ. ಅಂದಿನಿಂದ ಅವನು ಚಹಾದ ಅಂಗಡಿಯಲ್ಲಿ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು.

ವನ್ನೂರಪ್ಪ ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಈಗ ಸಂಘದ ಕೋಣೆಯಲ್ಲಿ ಕೆಲಸಗಾರರಿಗೆ ಓದು, ಬರಹ, ಕಾನೂನು ಹೇಳಿಕೊಡುತ್ತಿದ್ದರು. ಅವರು ಎರ್ರಿಸ್ವಾಮಿಗೆ ಕೂತುಕೋ ಎಂದು ಹೇಳಿ ಈ ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಸ್ವಂತದ್ದೊಂದು ಹಳೆಯ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಅದೇ ಊರಿನಲ್ಲಿ ಒಬ್ಬ ಕೆಲಸಗಾರ ಇದ್ದ. ಕಾರ್ಖಾನೆಯ ಕುಲುಮೆ ಒಡೆದು ಅವನ ಬೆನ್ನು, ಎದೆ, ತೋಳು ಸುಟ್ಟಿದ್ದವು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದ್ದರು. ಅಂಥ ಚರ್ಮ ಬೆವರುವುದಿಲ್ಲ. ಬೆವರದ ಮೈಯಲ್ಲಿ ಕಾವು ಒಳಗೇ ಉಳಿಯುತ್ತದೆ. ಬೇಸಿಗೆಯ ಹಗಲಿನಲ್ಲಿ ಅರ್ಧ ಗಂಟೆ ಹೊರಗಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು.

ಕುಲುಮೆ ಬಿರುಕು ಬಿಟ್ಟಿದೆ ಎಂದು ಕೆಲಸಗಾರರು ಮೊದಲೇ ಬರೆದುಕೊಟ್ಟಿದ್ದರು. ಅಂಥ ಕಾಗದ ತನಗೆ ಬಂದೇ ಇಲ್ಲ ಎಂದು ಕಾರ್ಖಾನೆ ಹೇಳಿತು. ಕಾಗದವನ್ನು ಕೈಯಾರೆ ಕೊಟ್ಟವನು ಈ ಸುಟ್ಟ ಮನುಷ್ಯ. ಕೋರ್ಟಿನಲ್ಲಿ ಆ ಮಾತು ಹೇಳಬೇಕಾದವನೂ ಅವನೊಬ್ಬನೇ. ಕಾರ್ಖಾನೆಯ ವಕೀಲನಿಗೆ ಇದು ಗೊತ್ತಿತ್ತು. ಚಳಿಗಾಲದಲ್ಲಿ ತಾರೀಖು ಬಿದ್ದರೆ ಏನಾದರೊಂದು ನೆಪ ಹೇಳಿ ಬೇಸಿಗೆಗೆ ತಳ್ಳುತ್ತಿದ್ದ. ಬೇಸಿಗೆಯಲ್ಲಿ ಇವನಿಗೆ ಬರಲು ಆಗುತ್ತಿರಲಿಲ್ಲ. ಎರಡು ಬೇಸಿಗೆ ಹೀಗೇ ಹೋದವು. ಈ ಸಲವೂ ಬಾರದಿದ್ದರೆ ಕೇಸು ಮುಚ್ಚುತ್ತೇನೆ ಎಂದು ನ್ಯಾಯಾಧೀಶರು ಹೇಳಿಬಿಟ್ಟರು. ತಾರೀಖು ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ. ಕೋರ್ಟಿದ್ದ ಊರು ಐದು ಗಂಟೆಯ ದಾರಿ. ಇನ್ನೂ ಮಾಯದ ಒಂದು ಗಾಯಕ್ಕೆ ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿಸಬೇಕಿತ್ತು. ಅದಾದ ಮೇಲೆಯೇ ಹೊರಡಬೇಕು. ಎಂದರೆ ಹಗಲಿಡೀ ಬಿಸಿಲಿನ ದಾರಿ.

ಊರಿನ ಮಿಕ್ಕ ಗಾಡಿಗಳೆಲ್ಲ ಕಾರ್ಖಾನೆಯ ಬಾಡಿಗೆಗೆ ಓಡುತ್ತಿದ್ದವು. ಈ ಮನುಷ್ಯನನ್ನು ಹತ್ತಿಸಿಕೊಂಡವನಿಗೆ ಮಾರನೆಯ ದಿನದಿಂದ ಬಾಡಿಗೆ ಇಲ್ಲ. ಆದ್ದರಿಂದ ಯಾರೂ ಒಪ್ಪಲಿಲ್ಲ. ನಮ್ಮ ಡ್ರೈವರ್ ಮಾತ್ರ, ನಾನು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟ.

ಶನಿವಾರ ಅವನ ಕಾರಿನ ಎಸಿ ಬಿಸಿ ಗಾಳಿ ಊದತೊಡಗಿತು.

ಎಸಿ ಕೆಲಸ ಬಲ್ಲ ಮೆಕ್ಯಾನಿಕ್ ಊರಿಗೆ ಒಬ್ಬನೇ ಇದ್ದ. ಡ್ರೈವರ್ ಅವನಲ್ಲಿಗೆ ಹೋದ. ಮೆಕ್ಯಾನಿಕ್ ಮದುವೆಗೆ ಹೊರಟು ನಿಂತಿದ್ದ. ಬಾನೆಟ್ ಎತ್ತದೆಯೇ ಹೇಳಿದ.

"ಗ್ಯಾಸ್ ಇಳಿದಿದೆ. ಗುರುವಾರ ಬಾ, ತುಂಬಿಕೊಡ್ತೀನಿ."

"ಹೋದ ವರ್ಷ ತುಂಬಿದ್ದಿಯಲ್ಲ ಅಣ್ಣ, ಅದು ಎಲ್ಲಿಗೆ ಹೋಯ್ತು?"

"ಗ್ಯಾಸ್ ಅಲ್ವೇನೋ, ಹೋಗುತ್ತೆ."

"ಒಲೆ ಗ್ಯಾಸ್ ಉರಿದು ಹೋಗುತ್ತೆ. ಇದು ಉರಿಯೋದಿಲ್ಲವಲ್ಲ."

"ನೀನು ಸ್ಟೇರಿಂಗ್ ಹಿಡಿ ಸಾಕು. ಇದೆಲ್ಲ ನಿನಗೆ ತಿಳಿಯಲ್ಲ" ಎಂದು ಮೆಕ್ಯಾನಿಕ್ ಷಟರ್ ಎಳೆದ.

ಹಿಂದಿನ ಮೂರು ಬೇಸಿಗೆಯೂ ಅವನೇ ಗ್ಯಾಸ್ ತುಂಬಿದ್ದ. ಮೂರು ಸಲವೂ ಬೆನ್ನು ತಿರುಗಿಸಿ ನಿಂತು ತುಂಬಿದ್ದ. ಒತ್ತಡ ತೋರಿಸುವ ಗೇಜಿನ ಮುಳ್ಳು ಎಲ್ಲಿತ್ತು, ಎಲ್ಲಿಗೆ ಬಂತು ಎಂದು ಗಾಡಿಯವನಿಗೆ ಒಮ್ಮೆಯೂ ತೋರಿಸಿರಲಿಲ್ಲ. ಎರ್ರಿಸ್ವಾಮಿ, ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತೇನೆ. ತಿಳಿದವನು ತಿಳಿಯದವನ ಕಣ್ಣಿಗೆ ತನ್ನ ಬೆನ್ನು ಅಡ್ಡ ಇಟ್ಟರೆ ಅದು ವಿದ್ಯೆ ಅಲ್ಲ, ಪಹರೆ.

ಡ್ರೈವರ್ ಏಳನೆಯ ತರಗತಿಯವರೆಗೆ ಓದಿದವನು. ತಾನೇ ತುಂಬುತ್ತೇನೆ ಎಂದು ತೀರ್ಮಾನಿಸಿದ. ಬಿಡಿಭಾಗಗಳ ಅಂಗಡಿಯಿಂದ ಒಂದು ಗ್ಯಾಸ್ ಡಬ್ಬಿಯನ್ನೂ ಗೇಜು ಇದ್ದ ಒಂದು ಪೈಪನ್ನೂ ತಂದ. ಡಬ್ಬಿಯ ಮೇಲಿನ ಬರಹವನ್ನು ಮೂರು ಸಲ ಓದಿದ. ಫೋನಿನಲ್ಲಿ ನೋಡಿದರೆ ಏಳು ಜನ ಏಳು ರೀತಿ ಮಾಡಿ ತೋರಿಸುತ್ತಿದ್ದರು. ಅವನು ಏಳೂ ನೋಡಿ, ಏಳೂ ಜನ ಒಪ್ಪುವ ಮಾತುಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದುಕೊಂಡ. ಎಸಿಯ ಎರಡು ಪೈಪುಗಳಲ್ಲಿ ದಪ್ಪನೆಯದಕ್ಕೆ ಮಾತ್ರ ಜೋಡಿಸಬೇಕು, ತೆಳ್ಳನೆಯದಕ್ಕೆ ಜೋಡಿಸಿದರೆ ಡಬ್ಬಿ ಸಿಡಿಯಬಹುದು. ಡಬ್ಬಿ ನೆಟ್ಟಗಿರಬೇಕು. ಕೈಗೆ ಗವಸು, ಕಣ್ಣಿಗೆ ಕನ್ನಡಕ ಬೇಕು, ಗ್ಯಾಸ್ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಅಳತೆ ಮೀರಬಾರದು. ನೂರು ಮಾತಿನಲ್ಲಿ ಉಳಿದದ್ದು ಇಷ್ಟೇ. ಕಾಲೇಜು ಕಲಿತವರಲ್ಲಿ ಎಷ್ಟು ಜನ ಹೀಗೆ ಸೋಸಿ ಓದುತ್ತಾರೆ, ನಾನು ಕಾಣೆ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ಸುಟ್ಟ ಕೆಲಸಗಾರನ ಅಕ್ಕ ಬಂದು ಕಟ್ಟೆಯ ಮೇಲೆ ಕೂತಳು. ಅವಳು ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ತಮ್ಮನ ಜೀವದ ಮಾತು, ಕಣ್ಣಾರೆ ನೋಡದೆ ಅವಳಿಗೆ ನಂಬಿಕೆ ಇಲ್ಲ.

ಡ್ರೈವರ್ ಮೊದಲು ಡಬ್ಬಿಯನ್ನು ಮುಟ್ಟಲೇ ಇಲ್ಲ. ಹಳೆಯ ಗ್ಯಾಸ್ ಎಲ್ಲಿ ಸೋರುತ್ತಿದೆ ಎಂದು ನೋಡಲು ಸೋಪಿನ ಪುಡಿಯನ್ನು ನೀರಿನಲ್ಲಿ ಕಲಸಿ, ಗಡ್ಡ ಹೆರೆಯುವ ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಬಳಿಯುತ್ತ ಹೋದ. ಎರಡು ಗಂಟೆ ಬಳಿದ. ಕೊನೆಗೆ, ಗ್ಯಾಸ್ ತುಂಬುವ ಬಾಯಿಯಲ್ಲೇ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಆ ಬಾಯಿಗೆ ಒಂದು ಮುಚ್ಚಳ ಇರಬೇಕಿತ್ತು. ಮೆಕ್ಯಾನಿಕ್ ಯಾವಾಗಲೋ ಬಿಚ್ಚಿದವನು ಮತ್ತೆ ಹಾಕಿರಲಿಲ್ಲ. ಮೂರು ವರ್ಷದ ಗ್ಯಾಸ್ ಹೆಬ್ಬೆರಳಿನ ತುದಿಯಷ್ಟು ಜಾಗದಲ್ಲಿ ಸೋರಿಹೋಗಿತ್ತು. ಡ್ರೈವರ್ ಗುಜರಿ ಅಂಗಡಿಗೆ ಹೋಗಿ, ಒಳಗೆ ರಬ್ಬರ್ ಉಂಗುರ ಇರುವಂಥ ಮುಚ್ಚಳವನ್ನೇ ಹುಡುಕಿ ತಂದು ಜೇಬಿನಲ್ಲಿಟ್ಟುಕೊಂಡ.

ಆಮೇಲೆ ತುಂಬಲು ಕೂತ. ಇಂಜಿನ್ ಶುರು ಮಾಡಿ, ಬಾಗಿಲುಗಳನ್ನೆಲ್ಲ ತೆರೆದು, ಎಸಿಯನ್ನು ಪೂರ್ತಿ ತಿರುಗಿಸಿದ. ಹೊರಗಿನ ಬಿಸಿಲಿಗೆ ತಕ್ಕಂತೆ ಮುಳ್ಳು ಎಲ್ಲಿ ನಿಲ್ಲಬೇಕು ಎಂಬ ಪಟ್ಟಿ ಡಬ್ಬಿಯ ಜೊತೆಗೇ ಬಂದಿತ್ತು. ಅದನ್ನು ನೋಡಿ ಗೇಜಿನ ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದ. ಡಬ್ಬಿಯ ತಿರುಪನ್ನು ನಾಲ್ಕು ಉಸಿರಿನಷ್ಟು ಹೊತ್ತು ಬಿಡುವುದು, ಮುಚ್ಚುವುದು, ಕಾಯುವುದು. ಮತ್ತೆ ಬಿಡುವುದು. ಒಳಗಿನ ಗಾಳಿ ಮೊದಲು ಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಮುಳ್ಳು ಗೆರೆಗಿಂತ ಕೂದಲಷ್ಟು ಕೆಳಗೆ ಬಂದಾಗ ಅವನು ತಿರುಪು ಮುಚ್ಚಿದ.

ಅಕ್ಕ ಕಟ್ಟೆಯಿಂದ ಇಳಿದು ಬಂದು ಡಬ್ಬಿಯನ್ನು ಅಲ್ಲಾಡಿಸಿದಳು.

"ಅರ್ಧ ಹಂಗೇ ಐತಲ್ಲಪ್ಪ. ಅದನ್ನೂ ಹಾಕು."

"ಸಾಕಕ್ಕ, ಅಳತೆಗೆ ಬಂತು."

"ಅಳತೆ ನನಗೆ ಹೇಳಬೇಡ. ತಕ್ಕಡಿ ಸರಿ ನಿಂತ ಮೇಲೂ ಒಂದು ಹಿಡಿ ಕೊಸರು ಕೇಳದೆ ಯಾರೂ ನನ್ನ ಹತ್ರ ಚೀಲ ಮುಚ್ಚಿಲ್ಲ. ನಾನೂ ಇಲ್ಲ ಅಂದಿಲ್ಲ. ನನ್ನ ತಮ್ಮನ ಜೀವಕ್ಕೆ ಒಂದು ಹಿಡಿ ಕೊಸರು ಹಾಕೋಕೆ ನಿನ್ನ ಕೈ ಯಾಕೆ ಬರಲ್ಲ?"

"ಇದಕ್ಕೆ ಕೊಸರು ಇಲ್ಲಕ್ಕ. ಹೆಚ್ಚು ಹಾಕಿದರೆ ತಂಪು ಹೆಚ್ಚಲ್ಲ, ಕಮ್ಮಿ ಆಗುತ್ತೆ. ದಾರಿ ನಡುವೆ ಕಂಪ್ರೆಸರೇ ಕೂತುಬಿಡುತ್ತೆ."

ಅವಳು ಅವನ ಮುಖವನ್ನೇ ನೋಡಿದಳು. "ಕಾರ್ಖಾನೆಯವರು ನಿನಗೂ ಏನಾದ್ರೂ ಮುಟ್ಟಿಸಿದ್ರಾ?"

ಆ ಮಾತು ಕೇಳಿ ಅವನಿಗೆ ಸಿಟ್ಟು ಬರಲಿಲ್ಲ ಎಂದುಕೊಳ್ಳಬೇಡ. ಬಂತು. ಬೇರೆ ಯಾರೂ ಹತ್ತಿಸಿಕೊಳ್ಳದವನಿಗೆ ಮಾತು ಕೊಟ್ಟು, ಬಿಸಿಲಿನಲ್ಲಿ ಅರ್ಧ ದಿನ ಮಂಡಿಯೂರಿದ್ದವನು ಅವನು. ನಾನಾಗಿದ್ದರೆ ಸ್ಪ್ಯಾನರ್ ಬಿಸಾಡಿ ಒಳಗೆ ಹೋಗುತ್ತಿದ್ದೆ. ನಿನ್ನ ತಮ್ಮನನ್ನು ನೀನೇ ಹೊತ್ತುಕೊಂಡು ಹೋಗು ಎನ್ನುತ್ತಿದ್ದೆ. ನಮ್ಮಂಥವರಿಗೆ ಅದು ಸುಲಭ.

ಅವನು ತನ್ನ ಕನ್ನಡಕ ಬಿಚ್ಚಿ ಅವಳ ಕಣ್ಣಿಗೆ ಹಾಕಿದ. ಒಂದು ಗವಸನ್ನೂ ಕೊಟ್ಟ. ಗೇಜನ್ನು ಅವಳ ಕೈಯಲ್ಲಿಟ್ಟ.

"ಈ ಗೆರೆ ನೋಡಕ್ಕ. ನಿನ್ನ ತಕ್ಕಡಿ ಮುಳ್ಳಿನ ಹಂಗೇ ಇದೂನೂ. ಗೆರೆ ದಾಟಿದರೆ ನಿನ್ನ ತಮ್ಮ ದಾರಿಯಲ್ಲೇ ಉಳೀತಾನೆ. ಗೆರೆಗೆ ಬಾರದಿದ್ದರೂ ಉಳೀತಾನೆ. ನಾನು ತಿರುಪು ಬಿಡ್ತೀನಿ. ನಿಲ್ಲಿಸು ಅಂತ ನೀನೇ ಹೇಳು."

ಹೀಗೆ ಹೇಳಿ ಅವನು ಮುಖವನ್ನು ಆ ಕಡೆ ತಿರುಗಿಸಿ ತಿರುಪಿನ ಮೇಲೆ ಕೈಯಿಟ್ಟ. ಈಗ ಮುಳ್ಳು ಅವನಿಗೆ ಕಾಣುತ್ತಿರಲಿಲ್ಲ. ಅವಳಿಗೆ ಮಾತ್ರ ಕಾಣುತ್ತಿತ್ತು. ಅವನು ತಿರುಪು ಬಿಟ್ಟ. ಅವಳು ಉಸಿರು ಹಿಡಿದು ನೋಡಿದಳು. ಮುಳ್ಳು ನಡುಗುತ್ತ ಏರಿತು.

"ಸಾಕು" ಎಂದಳು.

ಅವನು ಮುಚ್ಚಿದ. ಮುಳ್ಳು ಗೆರೆಯ ಮೇಲೆ ನಿಂತಿತು. ಡಬ್ಬಿಯಲ್ಲಿ ಇನ್ನೂ ಅರ್ಧಕ್ಕೆ ತುಸು ಕಮ್ಮಿ ಗ್ಯಾಸ್ ಉಳಿದಿತ್ತು. ಅವಳು ಅದರ ಮಾತು ಎತ್ತಲಿಲ್ಲ.

ಅವನು ಪೈಪು ಬಿಚ್ಚಿ, ಮುಚ್ಚಳ ಹಾಕಿ ಬಿಗಿಮಾಡಿ, ಅದರ ಸುತ್ತ ಮತ್ತೆ ಸೋಪಿನ ನೀರು ಬಳಿದ. ಇಬ್ಬರೂ ಬಗ್ಗಿ ನೋಡಿದರು. ಗುಳ್ಳೆ ಏಳಲಿಲ್ಲ. ಸೋಮವಾರ ನಡುಮಧ್ಯಾಹ್ನ ಅವನು ಖಾಲಿ ಕಾರನ್ನು ಅದೇ ದಾರಿಯಲ್ಲಿ ಎರಡು ಗಂಟೆ ಓಡಿಸಿ, ಎರಡು ಗಂಟೆ ವಾಪಸು ಬಂದ. ಗಾಳಿ ತಣ್ಣಗೇ ಇತ್ತು. ಬೇರೆಯವರ ಜೀವವನ್ನು ಕೂರಿಸುವ ಮೊದಲು ತನ್ನದನ್ನು ಕೂರಿಸಿ ನೋಡಿದ.

ಮಂಗಳವಾರ ಅಕ್ಕ, ತಮ್ಮ, ಡ್ರೈವರ್ ಮೂವರೂ ಹೊರಟರು. ಮೂರು ಗಂಟೆಗೆ ಕೋರ್ಟಿನಲ್ಲಿ ಹೆಸರು ಕೂಗಿದರು. ಅರ್ಜಿದಾರ ಈ ಸಲವೂ ಬಂದಿಲ್ಲ ಎಂದು ಹೇಳಲು ಕಾರ್ಖಾನೆಯ ವಕೀಲ ಎದ್ದು ನಿಂತ. ಬಾಯಿ ತೆರೆಯುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದ. ನೋಡಿ ಕೂತ. ಆ ಸುಟ್ಟ ಮನುಷ್ಯ ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡು ಕಟಕಟೆಯಲ್ಲಿ ನಿಂತು, ಕಾಗದವನ್ನು ಯಾವ ದಿನ ಯಾರ ಕೈಗೆ ಕೊಟ್ಟೆ ಎಂಬುದನ್ನು ಹತ್ತು ನಿಮಿಷದಲ್ಲಿ ಹೇಳಿದ. ತೀರ್ಪು ಆಮೇಲಿನ ಮಾತು. ಕೇಸು ಉಳಿಯಿತು, ಮನುಷ್ಯನೂ ಉಳಿದ.

ಇಲ್ಲಿಗೆ ಮೇಷ್ಟ್ರು ಕತೆ ಮುಗಿಸಿದರು.

"ಆ ಅಕ್ಕ ಆಮೇಲೆ ಅವನ ಕ್ಷಮೆ ಕೇಳಿದಳಾ?" ಎಂದ ಎರ್ರಿಸ್ವಾಮಿ.

"ಇಲ್ಲ. 'ಸಾಕು' ಎಂದದ್ದು ಅವಳೇ. ಇನ್ನು ಯಾರ ಕ್ಷಮೆ ಕೇಳಬೇಕು?"

ಎರ್ರಿಸ್ವಾಮಿಯ ದನಿ ಬಿರುಸಾಯಿತು. "ಅವನ ಹತ್ರ ಗೇಜು ಇತ್ತು ಮೇಷ್ಟ್ರೇ, ಕೈಗೆ ಕೊಟ್ಟ. ನನ್ನ ಹತ್ರ ಏನಿತ್ತು? ಮ್ಯಾನೇಜರ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು ಆದ ಮಾತುಕತೆ ಅದು. ಗಲಾಟೆ ಬೇಡ ಅಂತ ನಮ್ಮ ಕಡೆಯಿಂದ ಒಳಗೆ ಹೋದವನು ನಾನೊಬ್ಬನೇ. ಎಷ್ಟು ಎಳೆದೆ, ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಅಂತ ಹೊರಗಿದ್ದವರಿಗೆ ನಾನು ಹೇಗೆ ತೋರಿಸಲಿ?"

ಮೇಷ್ಟ್ರು ಒಂದೇ ಮಾತು ಕೇಳಿದರು.

"ಆ ಬಾಗಿಲು ಮುಚ್ಚಿದವರು ಯಾರು?"