ಮನಸ್ಸಿಲ್ಲದೆ ಹೊತ್ತವನು

"ಅಯ್ಯನವರೇ, ಮಾತು ಕೊಟ್ಟ ದಿನ ಇದ್ದ ಮನಸ್ಸು ಈಗಿಲ್ಲ. ಮನಸ್ಸಿಲ್ಲದೆ ಮಾಡುವ ಸೇವೆ ದೇವರ ಮುಂದೆ ಬರೀ ವೇಷವಲ್ಲವೇ?"

ಕೇಳಿದವನು ಜೀವರತ್ನ. ಕುಷ್ಠರೋಗಿಗಳ ಆಶ್ರಮದಲ್ಲಿ ಐದು ವರ್ಷ ಸೇವೆ ಮಾಡುತ್ತೇನೆಂದು ಅವನು ಸಭೆಯ ಮುಂದೆ ಮಾತು ಕೊಟ್ಟಿದ್ದ. ಎರಡು ವರ್ಷ ಕಳೆದಿತ್ತು. ಬಿಟ್ಟು ಹೋಗಲು ಗುರುಗಳ ಅಪ್ಪಣೆ ಕೇಳಲು ಬಂದಿದ್ದ. ವಯಸ್ಸಾದ ಆ ಉಪದೇಶಿಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಒಮ್ಮೆ ದೊಡ್ಡ ಬಂಡೆಯೊಂದು ಉರುಳಿ ಅವನ ಪಕ್ಕದಲ್ಲೇ ಬಿತ್ತು. ಅವನ ಕೂದಲೂ ಕೊಂಕಲಿಲ್ಲ. ಮುಂದಿನ ಭಾನುವಾರ ಗುಡ್ಡದ ಮೇಲಿನ ದೇವಾಲಯದಲ್ಲಿ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳಿದ. ಅಷ್ಟಕ್ಕೇ ಕೂತುಕೊಂಡಿದ್ದರೆ ಆಗುತ್ತಿತ್ತು. ಊರಿನಲ್ಲಿ ಕಾಲು ಬಿದ್ದುಹೋದ ಒಬ್ಬ ಮುದುಕನಿದ್ದ. ಗುಡ್ಡ ಹತ್ತಲಾರದೆ ವರ್ಷಗಟ್ಟಲೆ ಆರಾಧನೆಗೆ ಬಂದಿರಲಿಲ್ಲ. ಅವನು ಬದುಕಿರುವ ತನಕ ಪ್ರತಿ ಭಾನುವಾರ ಅವನನ್ನು ಹೊತ್ತು ತರುತ್ತೇನೆ ಎಂದುಬಿಟ್ಟ ಕಲ್ಲುಕುಟಿಗ. ಸಭೆಯೆಲ್ಲ ಆಮೆನ್ ಎಂದಿತು. ಆಮೆನ್ ಎನ್ನುವವರಿಗೆ ಬೆನ್ನು ನೋಯುವುದಿಲ್ಲ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಮೊದಲ ಕೆಲವು ತಿಂಗಳು ಕಲ್ಲುಕುಟಿಗ ಹಾಡಿಕೊಂಡು ಹತ್ತಿದ. ಆದರೆ ಮುದುಕನ ಬಾಯಿ ಸರಿಯಿರಲಿಲ್ಲ. ತಡವಾಗಿ ಬಂದೆ ಎಂದು ಬೈಯುತ್ತಿದ್ದ, ಅಲುಗಾಡಿಸುತ್ತೀ ಎಂದು ಬೈಯುತ್ತಿದ್ದ, ಹಾಡಿದರೆ ಸುಮ್ಮನಿರು ಎನ್ನುತ್ತಿದ್ದ. ದೇವಾಲಯದಲ್ಲಿ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದ. ಕ್ರಿಸ್ತನ ನೆನಪಿಗೆ ಕರ್ತನ ಭೋಜನದ ರೊಟ್ಟಿ ಹಂಚುವಾಗ ಮುಖ ತಿರುಗಿಸುತ್ತಿದ್ದ. ಕಾಲು ಹೋದ ದಿನವೇ ದೇವರು ನನ್ನ ಕೈಬಿಟ್ಟ, ನಾನು ಜನರ ಮುಖ ನೋಡಲು ಬರುತ್ತೇನೆ ಅಷ್ಟೇ ಎನ್ನುತ್ತಿದ್ದ. ಇಂಥವನನ್ನು ಯಾಕೆ ಹೊರುತ್ತೀ ಎಂದು ಆಮೆನ್ ಅಂದವರೇ ಕೇಳತೊಡಗಿದರು. ಮುದುಕ ಇಂದೋ ನಾಳೆಯೋ, ಇನ್ನೆಷ್ಟು ದಿನ ಎಂದು ಕಲ್ಲುಕುಟಿಗ ಸಮಾಧಾನ ಮಾಡಿಕೊಂಡ. ಮುದುಕ ಗುಡ್ಡದ ಗಾಳಿ ಕುಡಿದು ವರ್ಷದಿಂದ ವರ್ಷಕ್ಕೆ ಗಟ್ಟಿಯಾದ.

ಹೀಗೆ ಏಳು ವರ್ಷ ಹೋಯಿತು. ಪ್ರೀತಿ ಮೊದಲ ವರ್ಷವೇ ಬತ್ತಿತ್ತು. ಪುನರುತ್ಥಾನದ ಹಬ್ಬಕ್ಕೆ ಹಿಂದಿನ ಭಾನುವಾರ ಮುದುಕ, ನಿನಗಿಂತ ಕತ್ತೆ ವಾಸಿ ಎಂದ. ಕಲ್ಲುಕುಟಿಗನಿಗೆ ಸಾಕಾಯಿತು. ಹಬ್ಬದ ಬೆಳಿಗ್ಗೆ ಹೊಸ ಪಂಚೆ ಉಟ್ಟು ಒಬ್ಬನೇ ಗುಡ್ಡದ ದಾರಿ ಹಿಡಿದ. ದ್ವೇಷ ಇಟ್ಟುಕೊಂಡು ಹೊರುವುದಕ್ಕಿಂತ ಹೊರದೆ ಇರುವುದೇ ಪ್ರಾಮಾಣಿಕತೆ ಎಂದು ತನಗೆ ತಾನೇ ಹೇಳಿಕೊಂಡ. ಮಾತು ಮುರಿಯುವವನಿಗೆ ನ್ಯಾಯ ಬಹಳ ಬೇಗ ಹೊಳೆಯುತ್ತದೆ. ಅರ್ಧ ಗುಡ್ಡ ಹತ್ತಿ ನಿಂತ. ಬೆನ್ನ ಮೇಲೆ ಏನೂ ಇರಲಿಲ್ಲ, ಆದರೂ ಉಸಿರು ಕಟ್ಟಿತು. ಅವನಿಗೆ ನಾಚಿಕೆಯಾಯಿತು.

"ಸ್ವಾಮೀ, ಮನಸ್ಸಿಲ್ಲ. ಕಾಲಿದೆ, ಅದನ್ನೇ ತಗೋ" ಎಂದು ಹೇಳಿ ಕೆಳಗಿಳಿದ.

ಮುದುಕ ಒಗೆದ ಅಂಗಿ ತೊಟ್ಟು ಹೊಸ್ತಿಲ ಮೇಲೆ ಕೂತಿದ್ದ. ಅಲ್ಲಿಂದ ಗುಡ್ಡದ ದಾರಿ ಪೂರ್ತಿ ಕಾಣುತ್ತಿತ್ತು. ಅವನು ಅಳುತ್ತಿದ್ದ.

"ನೀನು ಒಬ್ಬನೇ ಹೋಗಿದ್ದೂ ನೋಡ್ದೆ, ತಿರುಗಿ ಬಂದಿದ್ದೂ ನೋಡ್ದೆ" ಎಂದ. "ಪ್ರೀತಿ ಇದ್ದೋರೆಲ್ಲ ನನ್ನ ಯಾವತ್ತೋ ಬಿಟ್ಟುಹೋದ್ರು. ಇವತ್ತು ಇವನೂ ಬರಲ್ಲ ಅಂತ ಪ್ರತಿ ಭಾನುವಾರ ಹೆದರ್ತಿದ್ದೆ, ಆ ಹೆದರಿಕೇಲೇ ಬೈತಿದ್ದೆ. ನಿಂಗೆ ನನ್ನ ಕಂಡ್ರಾಗಲ್ಲ, ನಂಗೊತ್ತು. ಕಂಡ್ರಾಗದ ನೀನೇ ಬಿಡ್ಲಿಲ್ಲ ಅಂದ್ಮೇಲೆ, ದೇವರು ಬಿಟ್ಟ ಅಂತ ಹೆಂಗಪ್ಪ ಹೇಳ್ಲಿ? ನಡಿ. ಇವತ್ತು ಹಿಂದೆ ಕೂರಿಸ್ಬೇಡ, ಮುಂದಕ್ಕೆ ಹೊತ್ಕೊಂಡು ಹೋಗು."

ಅಂದಿನಷ್ಟು ಬೇಗ ಕಲ್ಲುಕುಟಿಗ ಗುಡ್ಡವನ್ನು ಎಂದೂ ಹತ್ತಿರಲಿಲ್ಲ. ಬಾಗಿಲಿಗೆ ಬಂದಾಗ ಒಳಗೆ ರೊಟ್ಟಿ ಮುರಿಯುತ್ತಿದ್ದರು. ಅವನು ನಡುವಿನ ದಾರಿಯಲ್ಲಿ ನೇರ ನಡೆದ. ಜನ ನೋಡಿದರು, ಒಬ್ಬೊಬ್ಬರಾಗಿ ಎದ್ದು ನಿಂತರು. ಕರ್ತನ ಮೇಜಿನ ಮುಂದೆ ಅವನು ಮೊಣಕಾಲೂರಿದ. ಬೆನ್ನ ಮೇಲಿದ್ದ ಮುದುಕ ಅವನ ತಲೆಯ ಮೇಲಿಂದ ರೊಟ್ಟಿಗೆ ಎರಡೂ ಕೈ ಚಾಚಿದ. ಹಲ್ಲೆಲೂಯ ಎಂದು ಮೊದಲು ಯಾರು ಎತ್ತಿದರೋ ಗೊತ್ತಿಲ್ಲ. ಮಾಡಿನ ಹೆಂಚು ಹಾರುವ ಹಾಗೆ ಸಭೆ ಹಾಡಿತು. ಗುಡ್ಡದ ಕೆಳಗೆ ಊರಿನಲ್ಲಿ ಉಳಿದಿದ್ದವರೂ ಹೊರಗೆ ಬಂದು ಮೇಲೆ ನೋಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಆ ಇಬ್ಬರ ದನಿ ಕೇಳುತ್ತಿತ್ತು.

ಕತೆ ಮುಗಿಯಿತು. ಜೀವರತ್ನನಿಗೆ ಇನ್ನೂ ಒಪ್ಪಿಗೆಯಾಗಿರಲಿಲ್ಲ.

"ಆದರೆ ಅಯ್ಯನವರೇ, ಅಷ್ಟು ವರ್ಷ ಅವನಲ್ಲಿ ಪ್ರೀತಿ ಇರಲಿಲ್ಲವಲ್ಲ?"

ಗುರುಗಳು ನಕ್ಕರು.

"ಏಳು ವರ್ಷ ಹೊತ್ತನಲ್ಲ, ಅದಕ್ಕೆ ನೀನು ಬೇರೆ ಯಾವ ಹೆಸರಿಡುತ್ತೀ?"