ನೆತ್ತಿಲಿಂಗೇಶ್ವರನ ಕಲ್ಲುಗಾಣ

ಕೋಟೆಕೊತ್ತಲಗಳು ಏಳುವುದಕ್ಕೂ ಮುನ್ನ, ಬೆಟ್ಟಗಳಿಗೆ ಇನ್ನೂ ಸರಿಯಾಗಿ ಹೆಸರಿಡದಿದ್ದ ಪುರಾತನ ಕಾಲದಲ್ಲಿ, ಈಗ ಭಕ್ತಾದಿಗಳು ಪಾದರಕ್ಷೆ ಬಿಡುವ ಬಂಡೆಯ ಮಗ್ಗುಲಲ್ಲೇ, ಬೊಪ್ಪಯ್ಯನೆಂಬ ಗಾಣಿಗನು ಧರ್ಮಪತ್ನಿಯಾದ ಚಾಕವ್ವೆಯೊಡನೆ ವಾಸವಾಗಿದ್ದನು. ಸ್ಥಳಮಹಿಮೆ ಎಂದೊಡನೆ ಜಟಾಧಾರಿಯಾದ ಋಷಿಯನ್ನೋ ಕುದುರೆಯೇರಿದ ರಾಜನನ್ನೋ ನಿರೀಕ್ಷಿಸುವ ಮಹನೀಯರು ಕ್ಷಮಿಸಬೇಕು. ನಮ್ಮ ಕ್ಷೇತ್ರಕ್ಕೆ ಅವರಾರೂ ಬರಲಿಲ್ಲ, ಬರುವ ಅಗತ್ಯವೂ ಬೀಳಲಿಲ್ಲ. ನಮಗೆ ಬೊಪ್ಪಯ್ಯನೊಬ್ಬನೇ ಸಾಕು.

ಏಳು ಹಳ್ಳಿಗಳಿಗೆ ಇದ್ದುದು ಅವನದೊಂದೇ ಗಾಣ. ಹೆಬ್ಬಂಡೆಯನ್ನೇ ಒರಳಿನಂತೆ ಕೊರೆದು, ಅದರಲ್ಲಿ ಮರದ ದಿಮ್ಮಿ ನಿಲ್ಲಿಸಿ, ನೊಗ ಬಿಗಿದು, ಎತ್ತು ಹೂಡಿ, ಅರುಣೋದಯದಿಂದ ಸೂರ್ಯಾಸ್ತದವರೆಗೆ ಎಳ್ಳು ಅರೆಯುತ್ತಿದ್ದ ಆ ಶ್ರಮಜೀವಿಯು ತನ್ನ ಜೀವಮಾನದಲ್ಲಿ ಒಮ್ಮೆಯೂ ಬೆರಕೆ ಎಣ್ಣೆ ಕೊಟ್ಟವನಲ್ಲ. ಸಂಜೆ ಮನೆಗೆ ಬಂದು ಕಾಲು ಚಾಚಿ ಕೂರುವ ಪೈಕಿಯೂ ಅಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಜಗಲಿಯ ಮೇಲೆ ಮುಂದೆ ಕೂರಿಸಿಕೊಂಡು, ಎಣ್ಣೆ ಮೆತ್ತಿದ ಕೈಯಿಂದಲೇ ತಲೆ ಬಾಚಿ ಜಡೆ ಹೆಣೆಯುತ್ತಿದ್ದನು. "ಏನಯ್ಯಾ ಬೊಪ್ಪಯ್ಯ, ಹೆಂಗಸರ ಕೆಲಸವನ್ನೂ ನೀನೇ ಹಿಡಿದುಬಿಟ್ಟೆಯಲ್ಲ!" ಎಂದು ಊರವರು ಛೇಡಿಸಿದರೆ, "ನಿಮ್ಮ ಮಕ್ಕಳನ್ನೂ ಕಳಿಸಿ, ಕೈ ಹೇಗೂ ಜಿಡ್ಡಾಗಿದೆ" ಎಂದು ನಕ್ಕುಬಿಡುತ್ತಿದ್ದನು.

ಆ ಗಾಣಕ್ಕೆ ಹಿರಿಯರು ವಿಧಿಸಿದ ಎರಡು ಕಟ್ಟಳೆಗಳಿದ್ದವು. ಗಾಣ ಎಂದು ತಿರುಗಿದರೂ ಮೊದಲ ಬಟ್ಟಲು ಎಣ್ಣೆ ಬೆಟ್ಟದ ಮೇಲಣ ಲಿಂಗದ ದೀಪಕ್ಕೆ ಸಲ್ಲಬೇಕು. ಸೋಮವಾರ ನಂದಿಯ ವಾರವಾದುದರಿಂದ ಅಂದು ಎತ್ತಿನ ಹೆಗಲಿಗೆ ನೊಗ ಇಡಕೂಡದು. ಇಪ್ಪತ್ತು ವರ್ಷ ಬೊಪ್ಪಯ್ಯ ಎರಡನ್ನೂ ಕೂದಲೆಳೆಯಷ್ಟೂ ಮೀರಿರಲಿಲ್ಲ.

ಹೀಗಿರಲು ಒಂದು ಕಾರ್ತಿಕಮಾಸದ ಭಾನುವಾರ ಬೆಟ್ಟದ ಮೇಲೆ ಸಹಸ್ರದೀಪೋತ್ಸವ ನಡೆಯಿತು. ಬೊಪ್ಪಯ್ಯನು ಮನೆಯ ಎಣ್ಣೆಯನ್ನೆಲ್ಲ ಕೊಡ ಬಗ್ಗಿಸಿ ಅರ್ಪಿಸಿದನು. ಏಳು ಹಳ್ಳಿಯವರೂ ಗಡಿಗೆ ಬಳಿದು ತಂದು ಸುರಿದರು. ಮರುದಿನ ಮುಂಜಾನೆ ಚಾಕವ್ವೆ ದಿನ ತುಂಬುವ ಮೊದಲೇ ಮೂರನೆಯ ಹೆಣ್ಣುಕೂಸನ್ನು ಹೆತ್ತಳು. ಕೂಸು ಬೊಗಸೆಯೊಳಗೆ ಅಡಗುವಷ್ಟು, ಅಳುವುದಕ್ಕೂ ತ್ರಾಣವಿಲ್ಲ. ಸೂಲಗಿತ್ತಿ ಹೊರಗೆ ಬಂದು, "ಕೂಸಿನ ಮೈ ತಣ್ಣಗಾಗ್ತಾ ಇದೆಯಪ್ಪಾ. ಬೆಚ್ಚನೆ ಎಳ್ಳೆಣ್ಣೆ ನೆತ್ತಿಗೆ ತಟ್ಟಿ ಮೈಗೆ ತೀಡಬೇಕು. ಬೇಗ ತಾ, ಕೈಮೀರಿ ಹೋದೀತು" ಎಂದಳು. ಎಂಥ ಗ್ರಹಚಾರ ನೋಡಿ, ಎಣ್ಣೆಯವನ ಮನೆಯಲ್ಲೇ ತೊಟ್ಟು ಎಣ್ಣೆಯಿಲ್ಲ! ಬಿತ್ತನೆಗೆಂದು ಕಟ್ಟಿಟ್ಟ ಎಳ್ಳಿನ ಗಂಟೊಂದಿತ್ತು, ಗಾಣವಿತ್ತು, ಎತ್ತೂ ಇತ್ತು. ಆದರೆ ಅಂದು ಸೋಮವಾರ.

ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿದ್ದ ಎತ್ತನ್ನು ಒಮ್ಮೆ ನೋಡಿದ ಬೊಪ್ಪಯ್ಯನು, ಅದನ್ನು ಎಬ್ಬಿಸದೆ, ಬಿತ್ತನೆಯ ಎಳ್ಳನ್ನು ಗಾಣಕ್ಕೆ ಸುರಿದು, ನಾಲ್ಕು ಕಾಲಿನ ಪ್ರಾಣಿಯೇ ಏದುಸಿರು ಬಿಟ್ಟು ಎಳೆಯುವ ಆ ನೊಗವನ್ನು ತನ್ನ ಹೆಗಲಿಗೇ ಏರಿಸಿಕೊಂಡು, ಪಾದ ಜಾರಿದರೂ ನಿಲ್ಲದೆ, ಹೆಗಲ ಚರ್ಮ ಸುಲಿದರೂ ನೊಗ ಇಳಿಸದೆ, ಸುತ್ತಿದನು, ಸುತ್ತಿದನು, ಸುತ್ತುತ್ತಲೇ ಇದ್ದನು. ಒಳಗಿನಿಂದ ಕೂಸಿನ ಸದ್ದೇ ಇರಲಿಲ್ಲ. ಕೊನೆಗೆ ಒಂದು ಬಟ್ಟಲು ಎಣ್ಣೆ ಬೆಚ್ಚಗೆ ಇಳಿಯಿತು.

ಸೋಮವಾರ ಗಾಣದ ಕಿರುಗುಟ್ಟುವಿಕೆ ಕೇಳಿದ ಅರ್ಚಕ ತ್ರಿಯಂಬಕಭಟ್ಟರು ಬೆಟ್ಟದಿಂದ ದಡಬಡನೆ ಇಳಿದು ಬಂದರು. ಎತ್ತು ಕೊಟ್ಟಿಗೆಯಲ್ಲೇ ಇರುವುದನ್ನೂ ಗಾಣಿಗನ ಹೆಗಲಲ್ಲಿ ರಕ್ತ ಜಿನುಗುವುದನ್ನೂ ಕಂಡು ಕ್ಷಣಕಾಲ ಬೆಪ್ಪಾದರೂ, ಅಧಿಕಾರ ಬಿಡಬೇಕಲ್ಲ! "ಒಂದು ಕಟ್ಟಳೆ ಉಳಿಸಿದೆ, ಸರಿ. ಮೊದಲ ಬಟ್ಟಲು ದೇವರದು, ಇತ್ತ ಕೊಡು" ಎಂದು ಕೈಚಾಚಿದರು.

ಬೊಪ್ಪಯ್ಯನೆಂದನು: "ಇರೋದು ಒಂದೇ ಬಟ್ಟಲು ಸ್ವಾಮೀ. ನನ್ನ ಮಗು ಒಳಗೆ ತಣ್ಣಗಾಗ್ತಾ ಇದೆ. ಇದು ತಪ್ಪಾದರೆ ದೇವರು ನನ್ನನ್ನು ಕೇಳಲಿ, ಕೂಸನ್ನು ಕೇಳೋದು ಬೇಡ."

ಹಾಗೆಂದವನೇ ಒಳಹೊಕ್ಕು, ಸೂಲಗಿತ್ತಿಯ ಮಡಿಲಲ್ಲಿದ್ದ ಕೂಸಿನ ನೆತ್ತಿಗೆ ತಾನೇ ಎಣ್ಣೆ ತಟ್ಟಿದನು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕೂಸು ಓಣಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಬೊಪ್ಪಯ್ಯ ಗೊಳೋ ಎಂದು ಅತ್ತುಬಿಟ್ಟನು.

ದೇವರಿಗೆ ದೂರು ಹೇಳಲೆಂದು ಬುಸುಗುಟ್ಟುತ್ತ ಬೆಟ್ಟವೇರಿದ ಭಟ್ಟರು ಗರ್ಭಗುಡಿಯ ಬಾಗಿಲು ತೆರೆದು ನೋಡಿದರು. ಲಿಂಗದ ಶಿರದಲ್ಲಿ ಹಸುಗೂಸಿನ ನೆತ್ತಿಯಂತೆ ಮೆತ್ತನೆಯ ತಗ್ಗೊಂದು ಮೂಡಿತ್ತು. ಆ ತಗ್ಗಿನಿಂದ ಬೆಚ್ಚಗಿನ ಎಳ್ಳೆಣ್ಣೆ ಧಾರೆಯಾಗಿ ಇಳಿಯುತ್ತಿತ್ತು. ಆಗ ಗಂಭೀರವಾದ ದಿವ್ಯವಾಣಿಯು ಮೊಳಗಿತು: "ಎಲೈ ಅರ್ಚಕನೇ, ಮೂಕಪ್ರಾಣಿಗೆ ವಿಶ್ರಾಂತಿಯನ್ನಿತ್ತು ತಾನು ನೊಗ ಹೊತ್ತವನ ಮೊದಲ ಬಟ್ಟಲು ನನಗೆ ಸಂದಿದೆ. ಇನ್ನು ಮುಂದೆ ಈ ಸ್ಥಳದಲ್ಲಿ ಮೊದಲು ಕೂಸು, ಅನಂತರ ನಾನು."

ಭಟ್ಟರು ಅದೇ ಕಾಲಲ್ಲಿ ಇಳಿದು ಬಂದು, ಗಾಣಿಗನ ಹೆಗಲ ಗಾಯಕ್ಕೆ ತಮ್ಮ ಉತ್ತರೀಯ ಹರಿದು ಕಟ್ಟಿದರೆಂದು ಹಿರಿಯರು ಹೇಳುತ್ತಾರೆ. ಬೊಪ್ಪಯ್ಯನು ಮಂಗಳವಾರ ಎಂದಿನಂತೆ ಗಾಣ ಹೂಡಿದನು. ಮೂವರು ಹೆಣ್ಣುಮಕ್ಕಳನ್ನೂ ಮದುವೆ ಮಾಡಿಕೊಟ್ಟು, ಮೊಮ್ಮಕ್ಕಳ ಜಡೆಯನ್ನೂ ಹೆಣೆದು, ತುಂಬು ಬಾಳು ಬಾಳಿ ಶಿವಸಾಯುಜ್ಯವನ್ನು ಪಡೆದನು.

ಲಿಂಗದ ತಗ್ಗನ್ನು ಇಂದಿಗೂ ಮುಟ್ಟಿ ನೋಡಬಹುದು. ಕೆಳಗೆ ಬಂಡೆಯ ಗಾಣವೂ, ಅದರ ಸುತ್ತ ಸವೆದ ಹೆಜ್ಜೆಯ ಜಾಡೂ ಇವೆ. ಪ್ರತಿ ಕಾರ್ತಿಕಮಾಸದ ಮೊದಲ ಸೋಮವಾರ, ಆ ವರ್ಷ ಮಗು ಹುಟ್ಟಿದ ತಂದೆಯರು ನೊಗಕ್ಕೆ ಹೆಗಲು ಕೊಟ್ಟು ಮೂರು ಸುತ್ತು ಬರುತ್ತಾರೆ. ಎಣ್ಣೆ ಕೂಸುಗಳ ನೆತ್ತಿಗೆ ಬಿದ್ದ ಮೇಲೆಯೇ ದೇವರಿಗೆ ದೀಪ.

ಈ ಪುಸ್ತಿಕೆ ಬರೆಯುತ್ತಿರುವ ನಾನು ಆ ತ್ರಿಯಂಬಕಭಟ್ಟರ ವಂಶದವನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಮ್ಮಜ್ಜನ ಕಾಲದಲ್ಲಿ ಒಂದು ವರ್ಷ ಆ ಸೋಮವಾರ ಎಡೆಬಿಡದ ಜಡಿಮಳೆಗೆ ಹಳ್ಳ ಉಕ್ಕಿ, ಒಂದು ಕೂಸೂ ಬರಲಿಲ್ಲ. "ದೇವರು ಕತ್ತಲಲ್ಲಿ ಕೂರಬೇಕೇ? ಹಚ್ಚಿಬಿಡಿ ಭಟ್ಟರೇ" ಎಂದು ಊರ ದೊಡ್ಡವರು ಗದರಿದರು. ಅಜ್ಜ ಬತ್ತಿ ಹೊಸೆದಿಟ್ಟುಕೊಂಡು ಮೂರು ದಿನ ಕದಲಲಿಲ್ಲ. ನಾಲ್ಕನೆಯ ದಿನ ಕುರಿ ಕಾಯುವ ದಂಪತಿಗಳು ಕಂಬಳಿಯೊಳಗೆ ಹಸುಗೂಸನ್ನು ಸುತ್ತಿಕೊಂಡು ಬೆಟ್ಟದ ಬುಡ ಹಾಯ್ದರು. ಎಪ್ಪತ್ತು ದಾಟಿದ ಅಜ್ಜ ಎಣ್ಣೆಯ ಬಟ್ಟಲು ಹಿಡಿದು ಮೆಟ್ಟಿಲಿಳಿದು ಓಡಿಹೋಗಿ, ಆ ತಂದೆಯ ಮುಂದೆ ಕೈಮುಗಿದು, "ಬಾರಪ್ಪಾ, ದೇವರು ನಿನ್ನ ಮಗುವಿಗಾಗಿ ಕಾಯ್ತಾ ಇದ್ದಾನೆ" ಎಂದರಂತೆ.