ಅರವತ್ತನಾಲ್ಕಕ್ಕೆ ನಿಂತ ವಿಡಿಯೋ

ಗದಗಿನ ಒಂದು ವಿಡಿಯೋ ಸ್ಟುಡಿಯೋದಲ್ಲಿ ನೀಲಪ್ಪ ಎಂಬ ಎಡಿಟರ್ ಇದ್ದ. ಹತ್ತು ವರ್ಷದ ಅನುಭವ, ಚುರುಕು ಕೈ. ಅವನಿಗೆ ಕೆಲಸ ಕಲಿಸಿದವರು ಮಾಲೀಕರಾದ ಚನ್ನವೀರಪ್ಪನವರು. ಅಲ್ಲೊಂದು ಕಟ್ಟಳೆಯಿತ್ತು. ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಹಾಗೇ ಎಡಿಟಿಂಗಿಗೆ ಹಾಕಬಾರದು, ಮೊದಲು ಎಡಿಟಿಂಗಿಗೆ ಒಗ್ಗುವ ಫೈಲಾಗಿ ಕನ್ವರ್ಟ್ ಮಾಡಿಕೊಳ್ಳಬೇಕು. ಹೊಸಬರಿಗೆ ಈ ಪಾಠ ಹೇಳುತ್ತಿದ್ದವನೂ ನೀಲಪ್ಪನೇ, ನೋಡಿ.

ಊರಿನಲ್ಲಿ ಸೋಬಾನೆ ಪದ ಹಾಡುತ್ತಿದ್ದ ಗಂಗವ್ವ ತೀರಿಕೊಂಡಳು. ಅವಳ ದನಿ ಉಳಿದದ್ದು ಮೊಮ್ಮಗಳ ಮೊಬೈಲಿನ ಒಂದೇ ಒಂದು ವಿಡಿಯೋದಲ್ಲಿ. ಮೊಮ್ಮಗಳು ಆ ಮೊಬೈಲನ್ನೇ ಸ್ಟುಡಿಯೋದಲ್ಲಿ ಬಿಟ್ಟುಹೋಗಿದ್ದಳು. ಆ ವಿಡಿಯೋವನ್ನು ಹಳೇ ಫೋಟೋಗಳ ಜೊತೆ ಸೇರಿಸಿ, ಮಧ್ಯಾಹ್ನ ಮೂರರ ನುಡಿನಮನಕ್ಕೆ ಕೊಡಬೇಕಿತ್ತು. ಗಂಗವ್ವನ ತಂಗಿ ಕಾಶವ್ವ ದೂರದ ಹಳ್ಳಿಯಿಂದ ಬಂದಿದ್ದಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಅಕ್ಕ ಹಾಡಿದರೆ ಹಿಂದಿನಿಂದ ಸೊಲ್ಲು ಎತ್ತುತ್ತಿದ್ದವಳು ಅವಳೇ. ಆ ದನಿ ಇನ್ನೊಮ್ಮೆ ಕೇಳಬೇಕು ಅಂತಲೇ ಆ ಮುದುಕಿ ಬಂದಿದ್ದು.

ಬೆಳಿಗ್ಗೆ ನೀಲಪ್ಪ ಎಲ್ಲ ಜೋಡಿಸಿ, ಪೂರ್ತಿ ವಿಡಿಯೋ ಒಂದೇ ಫೈಲಾಗಿ ಹೊರಬರಲೆಂದು ಎಕ್ಸ್‌ಪೋರ್ಟ್ ಕೊಟ್ಟ. ಅರವತ್ತನಾಲ್ಕು ಪರ್ಸೆಂಟಿಗೆ ಬಂದು ನಿಂತಿತು. ಮತ್ತೆ ಕೊಟ್ಟ. ಮತ್ತೆ ಅಲ್ಲಿಗೇ ನಿಂತಿತು.

ಚನ್ನವೀರಪ್ಪನವರು ಬಂದು ಅವನ ಕುರ್ಚಿಯಲ್ಲಿ ಕೂತರು. "ಮೊಬೈಲಿನ ವಿಡಿಯೋ ಕನ್ವರ್ಟ್ ಮಾಡೀಯೋ ಇಲ್ಲೋ, ನೀಲಪ್ಪಾ?" ಎಂದು ಕೇಳಿದರು.

ಮಾಡಿರಲಿಲ್ಲ. ಅವಸರದಲ್ಲಿ, ಒಂದೇ ತುಣುಕು ಏನಾದೀತು ಎಂದು ಬಿಟ್ಟಿದ್ದ. ಆದರೆ ಅವನೇ ಪಾಠ ಹೇಳಿಕೊಟ್ಟ ಇಬ್ಬರು ಪಕ್ಕದಲ್ಲೇ ಕೂತಿದ್ದರು.

"ಮಾಡೀನ್ರಿ ಸರ್. ನಾ ಎಲ್ಲಾ ಸರಿಯಾಗೇ ಮಾಡೀನಿ. ಸಾಫ್ಟ್‌ವೇರಿನಾಗ ಏನೋ ಕೆಟ್ಟೇತಿ" ಎಂದುಬಿಟ್ಟ.

ಗುರು ನಂಬಿದರು. ಹತ್ತು ವರ್ಷದ ಶಿಷ್ಯನ ಮಾತನ್ನು ನಂಬದೆ ಇನ್ನೇನು ಮಾಡುತ್ತಾರೆ? ಆ ತುಣುಕೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕಿದರು. ಕಂಪ್ಯೂಟರಿನಲ್ಲಿ ಕೂಡಿಬಿದ್ದ ತಾತ್ಕಾಲಿಕ ಫೈಲುಗಳನ್ನು ಅಳಿಸಿದರು. ಎಫೆಕ್ಟುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಹಾಕಿದರು. ಬೇರೆ ಕಂಪ್ಯೂಟರಿಗೆ ಒಯ್ದರು. ಊಟಕ್ಕೂ ಏಳಲಿಲ್ಲ. ಎಷ್ಟು ಸಲ ಕೊಟ್ಟರೂ ಅದೇ ಅರವತ್ತನಾಲ್ಕು.

ನೀಲಪ್ಪ ಹಿಂದೆ ನಿಂತಿದ್ದ. ಹೇಳಿಬಿಡಲೇ ಎಂದು ಹತ್ತು ಸಲ ಬಾಯಿ ತೆರೆದ. ಹೊತ್ತು ಹೋದಷ್ಟೂ ಹೇಳುವುದು ಕಷ್ಟವಾಯಿತು. ಬೆಳಿಗ್ಗೆ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳಲಿ? ಪಾಪ, ಆ ಹೆದರಿಕೆಯೇ ಅವನ ಬಾಯಿ ಕಟ್ಟಿಹಾಕಿತು.

ಮೂರು ಗಂಟೆ ದಾಟಿತು, ಸಭೆ ವಿಡಿಯೋಕ್ಕಾಗಿ ಕಾಯುತ್ತ ಕೂತಿತು. ನಾಲ್ಕೂಕಾಲಿಗೆ ಗಂಗವ್ವನ ಮಗನ ಫೋನ್ ಬಂತು. "ನಮ್ಮ ಚಿಗವ್ವ ಕಾಶವ್ವ ಹೊಂಟ್ಲ್ರಿ. ಮನ್ಯಾಗ ಗಂಡ ಹಾಸಿಗಿ ಹಿಡದಾನ. ಸಾಡೇ ನಾಕರ ಬಸ್ ಬಿಟ್ರ ಅಕಿ ಊರಿಗೆ ಮತ್ತೊಂದು ಬಸ್ಸಿಲ್ಲ."

ನೀಲಪ್ಪನ ಕಣ್ಣು ತುಂಬಿತು. "ಸರ್, ಆ ವಿಡಿಯೋ ನಾ ಕನ್ವರ್ಟ್ ಮಾಡಿಲ್ರಿ. ಸುಳ್ಳು ಹೇಳಿದೆ."

 ಚನ್ನವೀರಪ್ಪನವರು ಆ ತುಣುಕನ್ನು ಕನ್ವರ್ಟ್ ಮಾಡಿ ಅದೇ ಜಾಗಕ್ಕೆ ಕೂಡಿಸಿದರು. ಅರವತ್ತನಾಲ್ಕು ದಾಟಿತು, ನೂರಾಯಿತು. ಒಟ್ಟು ಇಪ್ಪತ್ತು ನಿಮಿಷ.

"ಮುಂಜಾನೆ ಹೇಳಿದ್ರ ಅವಾಗೂ ಇಷ್ಟ ಹೊತ್ತು ಹಿಡೀತಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸಭೆಯಲ್ಲಿ ವಿಡಿಯೋ ಹಾಕಿದಾಗ ಐದು ಗಂಟೆ. ಉಳಿದ ಹೆಂಗಸರೆಲ್ಲ ಗಂಗವ್ವನ ಜೊತೆ ದನಿಗೂಡಿಸಿ ಹಾಡಿದರು, ಅತ್ತರು. ಮುಂದಿನ ಸಾಲಿನ ಒಂದು ಕುರ್ಚಿ ಖಾಲಿ ಇತ್ತು.

ಮರುದಿನ ನೀಲಪ್ಪ ಲ್ಯಾಪ್‌ಟಾಪ್ ಹಿಡಿದು ಆ ಹಳ್ಳಿಗೆ ಹೋದ. ಕಾಶವ್ವನ ಮುಂದೆ ನೆಲದ ಮೇಲೆ ಕೂತು ತನ್ನ ತಪ್ಪು ಹೇಳಿಕೊಂಡ, ಆಮೇಲೆ ವಿಡಿಯೋ ಹಚ್ಚಿದ. ಅಕ್ಕನ ದನಿ ಬಂದಾಗ ಮುದುಕಿ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಮುಟ್ಟಿದಳು. ಸೊಲ್ಲು ಎತ್ತಲು ಬಾಯಿ ತೆರೆದಳು, ದನಿ ಹೊರಡಲಿಲ್ಲ.

"ಕೇಳಿದ್ನೆಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು. ಆಮೇಲೆ ಮೆಲ್ಲಗೆ ಅಂದಳು, "ನಿನ್ನೆ ಎಲ್ಲಾರೂ ಇದ್ರು. ಅವಾಗ ಹಚ್ಚಿದ್ರ ಎಲ್ಲಾರ ಕೂಡ ನಾನೂ ಹಾಡತಿದ್ದೆ. ಈಗ ಒಬ್ಬಾಕಿಗೇ ಬರವಲ್ದು."

ನೀತಿ: ತಪ್ಪು ಎಲ್ಲರಿಂದಲೂ ಆಗುತ್ತದೆ. ಏನು ಮಾಡಿದೆ ಎಂದು ಕೇಳಿದಾಗ, ಮಾಡಿದ್ದನ್ನು ಆ ಕ್ಷಣವೇ ಹೇಳಿಬಿಡಬೇಕು. ಕೆಟ್ಟದ್ದನ್ನು ಆಮೇಲೂ ಸರಿಮಾಡಬಹುದು. ನಾವು ಮುಚ್ಚಿಟ್ಟುಕೊಂಡು ಕೂತ ಹೊತ್ತು ಇನ್ನೊಬ್ಬರದು, ಅದನ್ನು ಅವರಿಗೆ ತಿರುಗಿ ಕೊಡಲು ಆಗುವುದಿಲ್ಲ.